ನಗೆಯ ಸಭೆ, ವಾದದ ಸಭೆ

ರಾಜಕಾರಣವನ್ನು ನಗೆಗೆ ವಸ್ತುವಾಗಿ ಮಾಡಿಕೊಂಡು, ಮೂರು ನಾಲ್ಕು ಜನ ಅತಿಥಿಗಳನ್ನು ಸುತ್ತ ಕೂರಿಸಿಕೊಂಡು, ಆಯಾ ವಾರದ ಸುದ್ದಿಯನ್ನು ಚರ್ಚೆ ಮಾಡುವ ಕಾರ್ಯಕ್ರಮಗಳು ಈಗ ಅನೇಕ ದೇಶಗಳ ದೂರದರ್ಶನಗಳಲ್ಲಿ ನಡೆಯುತ್ತಿವೆ. ಇಂಗ್ಲಿಷಿನವರು ಇದನ್ನು ಟಾಕ್ ಷೋ ಎನ್ನುತ್ತಾರೆ. ಕನ್ನಡದಲ್ಲಿ ಏನೆಂದು ಕರೆಯೋಣ? ಹರಟೆ ಎಂದರೆ ರಾಜಕಾರಣ ಬಿಟ್ಟುಹೋಗುತ್ತದೆ. ಚರ್ಚೆ ಎಂದರೆ ನಗೆ ಬಿಟ್ಟುಹೋಗುತ್ತದೆ. ವಿಡಂಬನೆ ಎಂದರೆ ಪಾಪ, ಅತಿಥಿಯೇ ಬಿಟ್ಟುಹೋಗುತ್ತಾನೆ. ಹೆಸರು ಸಿಕ್ಕಲಿಲ್ಲವೆಂದ ಮಾತ್ರಕ್ಕೆ ವಸ್ತುವೇ ನಮ್ಮದಲ್ಲವೆಂದು ತಿಳಿಯಬೇಕಾಗಿಲ್ಲ. ನಮ್ಮಲ್ಲಿ ಈ ವಸ್ತು ಒಂದೇ ಕಡೆ ಇಡಿಯಾಗಿ ಕಾಣುವುದಿಲ್ಲ, ಅಷ್ಟೆ. ತಲೆ ಒಂದೆಡೆ, ಕೈ ಒಂದೆಡೆ, ನಾಲಗೆ ಇನ್ನೊಂದೆಡೆ ಚೆದರಿಕೊಂಡಿದೆ. ಅವನ್ನು ಒಟ್ಟುಗೂಡಿಸಿ ನೋಡುವುದಕ್ಕೆ ನಿಮ್ಮನ್ನು ಕರೆಯುತ್ತಿದ್ದೇನೆ.

ನಾನು ಪಂಡಿತ ಪರೀಕ್ಷೆಯ ದಾರಿಯಿಂದ ಬಂದವನು. ಆದುದರಿಂದ ಮೊದಲು ಶಾಸ್ತ್ರದ ಒಂದು ಮಾತನ್ನು ಹೇಳಿಬಿಡುತ್ತೇನೆ, ಓದುಗರು ಕ್ಷಮಿಸಬೇಕು. ಗೌತಮನ ನ್ಯಾಯಸೂತ್ರದಲ್ಲಿ ಮಾತಿನ ಜಗಳವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಇಬ್ಬರೂ ಸೇರಿ ನಿಜವನ್ನು ಕಂಡುಕೊಳ್ಳಬೇಕೆಂದು ಮಾತನಾಡಿದರೆ ಅದು ವಾದ. ಹೇಗಾದರೂ ಸರಿ, ಗೆಲ್ಲಬೇಕೆಂದು ಮಾತನಾಡಿದರೆ ಅದು ಜಲ್ಪ. ತನ್ನದೆಂಬ ಪಕ್ಷವನ್ನೇ ಇಟ್ಟುಕೊಳ್ಳದೆ, ಎದುರಾಳಿ ಏನು ಹೇಳಿದರೂ ಮುರಿಯುವುದಷ್ಟೇ ಕೆಲಸವಾದರೆ ಅದು ವಿತಂಡ. ಇದನ್ನು ನಾನು ವಿದ್ಯಾರ್ಥಿಯಾಗಿ ಉರು ಹೊಡೆದಾಗ ಜಲ್ಪಕ್ಕೂ ವಿತಂಡಕ್ಕೂ ಇರುವ ವ್ಯತ್ಯಾಸಕ್ಕೆ ಉದಾಹರಣೆ ಸಿಕ್ಕುವುದು ಕಷ್ಟವಾಗಿತ್ತು. ಈಗ ಆ ಕಷ್ಟವಿಲ್ಲ. ರಾತ್ರಿ ಒಂಬತ್ತು ಗಂಟೆಗೆ ಯಾವ ವಾರ್ತಾವಾಹಿನಿಯನ್ನಾದರೂ ತಿರುಗಿಸಿ, ಎರಡಕ್ಕೂ ಬೇಕಾದಷ್ಟು ಉದಾಹರಣೆ ದೊರೆಯುತ್ತದೆ. ಒಂದು ಪರದೆಯಲ್ಲಿ ಆರು ಚೌಕ, ಆರು ಚೌಕದಲ್ಲಿ ಆರು ಮುಖ, ಆರೂ ಬಾಯಿ ಒಟ್ಟಿಗೆ ತೆರೆದಿರುತ್ತವೆ. ಅತಿಥಿಗಳನ್ನು ಕರೆದವರು ಅತಿಥಿಗಳಿಗಿಂತ ಗಟ್ಟಿಯಾಗಿ ಕೂಗುತ್ತಾರೆ. ಮನೆಗೆ ಬಂದವರಿಗೆ ನೀರು ಕೊಟ್ಟು ಮಾತನಾಡಿಸುವ ನಾಡಿನಲ್ಲಿ ಇದೊಂದು ಹೊಸ ಬಗೆಯ ಆತಿಥ್ಯ.

ನಗೆಗೂ ಶಾಸ್ತ್ರವಿದೆ. ಭರತನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಮೆಟ್ಟಿಲುಗಳನ್ನು ಕಟ್ಟಿ, ಮೊದಲೆರಡು ಉತ್ತಮರಿಗೆ, ನಡುವಿನೆರಡು ಮಧ್ಯಮರಿಗೆ, ಕೊನೆಯೆರಡು ಕೆಳಗಿನವರಿಗೆ ಎಂದು ಹಂಚಿಬಿಟ್ಟಿದ್ದಾನೆ. ಈ ಹಂಚಿಕೆಯನ್ನು ನಾನು ಒಪ್ಪುವುದಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುವ ಹಕ್ಕು ದೊರೆಗಿಂತ ಪ್ರಜೆಗೇ ಹೆಚ್ಚಾಗಿರಬೇಕು. ಆದರೂ ಸಂಸ್ಕೃತ ನಾಟಕಕಾರರು ಒಂದು ಜಾಣತನ ಮಾಡಿದರು. ದೊರೆಯ ಪಕ್ಕದಲ್ಲಿಯೇ ಒಬ್ಬ ವಿದೂಷಕನನ್ನು ಕೂರಿಸಿದರು. ದುಷ್ಯಂತನ ಬೇಟೆಯ ಹುಚ್ಚಿನಿಂದ ತನ್ನ ಮೈಕೈ ಮುರಿದುಹೋಯಿತೆಂದು ಮಾಧವ್ಯನು ದೊರೆಯ ಮುಖದೆದುರಿಗೇ ಗೋಳಿಡುತ್ತಾನೆ. ಮಂತ್ರಿಯಾದವನು ಹಾಗೆ ಹೇಳಲಾರ. ಇನ್ನು ಏಳನೆಯ ಶತಮಾನದಲ್ಲಿ ಕಂಚಿಯ ಪಲ್ಲವ ದೊರೆ ಮಹೇಂದ್ರವರ್ಮನು ತಾನೇ ‘ಮತ್ತವಿಲಾಸ’ವೆಂಬ ಪ್ರಹಸನವನ್ನು ಬರೆದು ತನ್ನ ಕಾಲದ ಕಾಪಾಲಿಕರನ್ನೂ ಭಿಕ್ಷುಗಳನ್ನೂ ನಗೆಗೆ ಗುರಿಮಾಡಿದ. ದೊರೆಯೇ ಬರೆದದ್ದರಿಂದ ಅದರಲ್ಲಿ ದೊರೆಯ ವಿಷಯ ಬರಲಿಲ್ಲ ಎನ್ನುವುದನ್ನೂ ಗಮನಿಸಬೇಕು.

ಈಗ ಮೈಸೂರಿಗೆ ಬರೋಣ.

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ಈ ಊರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಬಂದವರು 144 ಜನ. ಬಹುಮಟ್ಟಿಗೆ ಜಮೀನುದಾರರು, ವರ್ತಕರು. ದಸರೆಗೆಂದು ಊರಿಗೆ ಬಂದವರು ದಸರೆ ಮುಗಿದ ಮೇಲೆ ಕುಳಿತು ತಮ್ಮ ತಮ್ಮ ತಾಲ್ಲೂಕಿನ ಅಹವಾಲುಗಳನ್ನು ದಿವಾನರ ಮುಂದೆ ಇಡುವುದೆಂದು ಏರ್ಪಾಡಾಗಿತ್ತು. ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಮಾತನಾಡುವ ಅಧಿಕಾರ ಮಾತ್ರ ಇತ್ತು. ಅದನ್ನು ಅನೇಕರು ಹಲ್ಲಿಲ್ಲದ ಸಭೆ ಎಂದು ಹಂಗಿಸುವುದುಂಟು. ನನಗೆ ಹಾಗೆ ತೋರುವುದಿಲ್ಲ. ದೂರು ಹೇಳುವವನೂ ದೂರಿಗೆ ಉತ್ತರ ಕೊಡಬೇಕಾದವನೂ ಒಂದೇ ಚಾವಣಿಯ ಕೆಳಗೆ ಮುಖಾಮುಖಿಯಾಗಿ ಕುಳಿತರಲ್ಲ, ಅದು ಸಣ್ಣ ಸಂಗತಿಯಲ್ಲ. ನಮ್ಮ ಪುರಭವನಕ್ಕೆ ಇಂದಿಗೂ ರಂಗಾಚಾರ್ಲು ಅವರ ಹೆಸರಿದೆ. ಅದೇ ಕಟ್ಟಡದಲ್ಲಿ ಸಭೆಗಳೂ ನಡೆದಿವೆ, ನಾಟಕಗಳೂ ನಡೆದಿವೆ; ವಾದಕ್ಕೂ ನಗೆಗೂ ಮೈಸೂರಿನಲ್ಲಿ ಒಂದೇ ವೇದಿಕೆ ಎಂದಹಾಗಾಯಿತು.

ಆದರೆ ಆಳುವವರಿಗೆ ಮಾತು ರುಚಿಸುವುದು ಒಂದು ಮಿತಿಯವರೆಗೆ. ಮೈಸೂರು ಸರ್ಕಾರ 1908ರಲ್ಲಿ ಪತ್ರಿಕೆಗಳ ಮೇಲೆ ಒಂದು ಕಠಿಣವಾದ ರೆಗ್ಯುಲೇಷನ್ ಹೊರಡಿಸಿತು. ಆಗ ಈ ಊರಿನ ಹಿರಿಯ ಪತ್ರಿಕಾಕರ್ತರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು, ನಾವೆಲ್ಲ ‘ತಾತಯ್ಯ’ ಎಂದು ನೆನೆಯುವವರು, ಕೈಕಟ್ಟಿಸಿಕೊಂಡು ಬರೆಯುವುದಕ್ಕಿಂತ ಬರೆಯದಿರುವುದೇ ಲೇಸೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಅವರು ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆಗಿದ್ದವರು. ಹೈಸ್ಕೂಲು ಮೇಷ್ಟ್ರುಗಳ ಪೈಕಿ ಅಂಥವರೊಬ್ಬರಿದ್ದರೆಂದು ಹೇಳಿಕೊಳ್ಳುವುದರಲ್ಲಿ ನನಗೆ ಸ್ವಲ್ಪ ಸ್ವಾರ್ಥವಿದೆ.

ಇನ್ನು ಈ ಮಾತನ್ನು ನೀವು ಓದುತ್ತಿರುವುದು ಆಕಾಶವಾಣಿಯ ಪತ್ರಿಕೆಯಲ್ಲಿ. ಮೈಸೂರಿನಲ್ಲಿ ಪ್ರಸಾರವನ್ನು ಆರಂಭಿಸಿದವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು, 1935ರಲ್ಲಿ, ತಮ್ಮ ಮನೆಯಲ್ಲಿಯೇ, ಒಂದು ಪುಟ್ಟ ಯಂತ್ರವನ್ನಿಟ್ಟುಕೊಂಡು. ಅವರ ಜೊತೆ ಇದ್ದವರು ನಾ. ಕಸ್ತೂರಿ. ಆಕಾಶವಾಣಿ ಎಂಬ ಹೆಸರನ್ನು ಕೊಟ್ಟವರು ಅವರೇ ಎಂದು ಹೇಳುತ್ತಾರೆ. ಕಸ್ತೂರಿಯವರು ಹುಟ್ಟಿದ್ದು ಕೇರಳದಲ್ಲಿ, ಮನೆಮಾತು ಮಲಯಾಳ, ಓದಿಸಿದ್ದು ಇತಿಹಾಸ, ಹೆಸರಾದದ್ದು ಕನ್ನಡದ ಹಾಸ್ಯಗಾರರಾಗಿ. ಅವರು ‘ಅನರ್ಥಕೋಶ’ವೆಂದು ಒಂದು ನಿಘಂಟನ್ನೇ ಮಾಡಿದರು. ಪದವನ್ನು ಹಿಡಿದು, ಅದರ ಬೆನ್ನು ಮಗುಚಿ, ಒಳಗೆ ಅಡಗಿದ್ದ ಬೇರೊಂದು ಅರ್ಥವನ್ನು ಹೊರಕ್ಕೆ ಬೀಳಿಸುವುದು ಆ ಕೋಶದ ರೀತಿ. ಒಬ್ಬ ಅನ್ಯಭಾಷಿಕರಿಗೆ ಕನ್ನಡದ ಶ್ಲೇಷೆ ಇಷ್ಟು ವಶವಾಗಬಹುದಾದರೆ, ಹುಟ್ಟಾ ಕನ್ನಡಿಗರಾದ ನಮ್ಮ ಮಕ್ಕಳು ಶ್ಲೇಷಾಲಂಕಾರದ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಬಿಟ್ಟುಬರುವುದೇಕೋ ನನಗೆ ಅರ್ಥವಾಗಿಲ್ಲ.

ಕಸ್ತೂರಿಯವರಂಥವರಿಗೆ ನೆಲೆಯಾದದ್ದು ‘ಕೊರವಂಜಿ’. 1942ರಲ್ಲಿ ಆ ಮಾಸಪತ್ರಿಕೆಯನ್ನು ಆರಂಭಿಸಿದವರು ‘ರಾಶಿ’ ಎಂದು ಹೆಸರಾದ ಡಾಕ್ಟರ್ ಎಂ. ಶಿವರಾಂ. ಅದು 1967ರವರೆಗೆ, ಇಪ್ಪತ್ತೈದು ವರ್ಷ, ನಡೆಯಿತು. ಅದರಲ್ಲಿ ಗೆರೆ ಎಳೆದ ಹುಡುಗರ ಪೈಕಿ ಮೈಸೂರಿನ ಒಬ್ಬರು ಆರ್. ಕೆ. ಲಕ್ಷ್ಮಣ್. ಅವರೇ ಮುಂದೆ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ, ಚೌಕಳಿ ಕೋಟು ತೊಟ್ಟು ಪಂಚೆ ಉಟ್ಟು, ಎಲ್ಲವನ್ನೂ ನೋಡುತ್ತ ಏನನ್ನೂ ಆಡದ ಶ್ರೀಸಾಮಾನ್ಯನನ್ನು ಬರೆದವರು. ಆ ಶ್ರೀಸಾಮಾನ್ಯನನ್ನು ನಾನು ಒಬ್ಬ ಅತಿಥಿಯೆಂದೇ ಭಾವಿಸುತ್ತೇನೆ. ಮಂತ್ರಿಗಳ ಮನೆಗೂ ಹೋಗುತ್ತಾನೆ, ವಿಮಾನ ನಿಲ್ದಾಣಕ್ಕೂ ಹೋಗುತ್ತಾನೆ, ಆಸ್ಪತ್ರೆಗೂ ಹೋಗುತ್ತಾನೆ; ಯಾರೂ ಅವನನ್ನು ಮಾತನಾಡಿಸುವುದಿಲ್ಲ. ಮಾತನಾಡದ ಅತಿಥಿಯ ಎದುರಿಗೆ ಮಾತನಾಡುವವರೆಲ್ಲ ಹೇಗೆ ಕಾಣುತ್ತಾರೆಂಬುದೇ ಅಲ್ಲಿಯ ನಗೆ.

ಆಕಾಶವಾಣಿಗೆ ತನ್ನದೇ ಕಟ್ಟುಪಾಡುಗಳಿವೆ. ರಾಜಕೀಯ ಪಕ್ಷವೊಂದನ್ನು ಹೆಸರು ಹೇಳಿ ಹಳಿಯಬಾರದು, ಮಿತ್ರರಾಷ್ಟ್ರಗಳನ್ನು ಟೀಕಿಸಬಾರದು, ಮತಧರ್ಮಗಳ ಮೇಲೆ ಕೈಮಾಡಬಾರದು ಎಂದು ಮುಂತಾಗಿ ಒಂದು ಸಂಹಿತೆ ಇದೆ. ಹಾಗಾದರೆ ಬಾನುಲಿಯಲ್ಲಿ ರಾಜಕಾರಣದ ನಗೆ ಸಾಧ್ಯವೇ ಇಲ್ಲವೆ? ಸಾಧ್ಯವಿದೆ, ಆದರೆ ಅಲಂಕಾರಶಾಸ್ತ್ರ ಬಲ್ಲವರಿಗೆ ಮಾತ್ರ. ಹೆಸರು ಹೇಳಕೂಡದೆಂದರೆ ಅನ್ಯೋಕ್ತಿ ಇದೆ. ಬೈಯಕೂಡದೆಂದರೆ ವ್ಯಾಜಸ್ತುತಿ ಇದೆ. “ಸರ್ಕಾರಗಳು ಬಂದವು, ಹೋದವು, ನಮ್ಮ ಬೀದಿಯ ಗುಂಡಿ ಮಾತ್ರ ಯಾವ ಪಕ್ಷಕ್ಕೂ ಸೇರದೆ ಸ್ಥಿರವಾಗಿ ನಿಂತಿದೆ” ಎಂದರೆ ಯಾರನ್ನೂ ಬೈದಂತಾಗಲಿಲ್ಲ, ಗುಂಡಿಯನ್ನು ಹೊಗಳಿದಂತಾಯಿತು. ತಗಾದೆ ತೆಗೆಯಬೇಕಾದರೆ ಗುಂಡಿಯೇ ತೆಗೆಯಬೇಕು. ಬೇಲಿ ಇದ್ದುದರಿಂದ ಜಿಗಿತ ಕಲಿತವರು ಕೆಲವರು. ಆದರೆ ಬೇಲಿ ಇದ್ದುದರಿಂದಲೇ ಮನೆಯಲ್ಲಿ ಉಳಿದವರು ಎಷ್ಟು ಜನರೋ, ಅವರ ಲೆಕ್ಕ ಯಾರಿಟ್ಟಿದ್ದಾರೆ?

ಬೇಲಿಯ ಗೊಡವೆಯೇ ಇಲ್ಲದೆ ಹೆಸರು ಹಿಡಿದು ಮಾತನಾಡಿದವರು ಮಾಸ್ಟರ್ ಹಿರಣ್ಣಯ್ಯನವರು. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಇಟ್ಟ ಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯನವರು ಹಿರಣ್ಣಯ್ಯ ಮಿತ್ರಮಂಡಳಿಯನ್ನು ಕಟ್ಟಿ ನಡೆಸಿದ ನಟರು. ಪಿಟೀಲು ಚೌಡಯ್ಯನವರು ಅಭಿನಯಿಸಿದ ‘ವಾಣಿ’ ಎಂಬ ಚಿತ್ರವನ್ನು 1943ರಲ್ಲಿ ನಿರ್ದೇಶಿಸಿದವರು. 1953ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕಂಪನಿಯ ಹೊರೆ, ಸಾಲದ ಹೊರೆ, ತಂದೆಯ ಹೆಸರಿನ ಹೊರೆ, ಮೂರೂ ಆ ಹೆಗಲಿಗೆ ಬಂದವು. ಮುಂದೆ ಬಂದದ್ದು ‘ಲಂಚಾವತಾರ’. ಅದು ಹತ್ತು ಸಾವಿರಕ್ಕೂ ಮೇಲ್ಪಟ್ಟು ಪ್ರಯೋಗಗಳನ್ನು ಕಂಡಿತೆಂದು ಹೇಳುತ್ತಾರೆ.

ಆ ನಾಟಕದ ಗುಟ್ಟು ಕಥೆಯಲ್ಲಿರಲಿಲ್ಲ. ಕಥೆ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ವೃತ್ತಪತ್ರಿಕೆಯಲ್ಲಿ ಬಂದ ಸುದ್ದಿ ಸಂಜೆ ಹಿರಣ್ಣಯ್ಯನವರ ಬಾಯಲ್ಲಿ ಬರುತ್ತಿತ್ತು. ಅದಕ್ಕಾಗಿ ಜನ ಮತ್ತೆ ಮತ್ತೆ ಟಿಕೆಟ್ಟು ಕೊಂಡರು. ನಿನ್ನೆ ನೋಡಿದ ನಾಟಕ ಇಂದಿನ ನಾಟಕವಲ್ಲ. ಅಧಿಕಾರದಲ್ಲಿದ್ದವರೂ ಬಂದು ಮುಂದಿನ ಸಾಲಿನಲ್ಲಿ ಕುಳಿತು, ತಮ್ಮ ವಿಷಯವನ್ನು ತಾವೇ ಕೇಳಿಸಿಕೊಂಡು, ನಗಲೇಬೇಕಾದ್ದರಿಂದ ನಕ್ಕು ಎದ್ದುಹೋದದ್ದುಂಟು. ಕೋಪಗೊಂಡವರೂ ಉಂಟು. ನಾಟಕ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಆದರೆ ನಿಲ್ಲಲಿಲ್ಲ. ನಾಟಕಗಳ ಬಾಯಿ ಮುಚ್ಚಿಸುವುದಕ್ಕೆಂದು ಬ್ರಿಟಿಷರು 1876ರಲ್ಲಿ ಮಾಡಿದ ಕಾಯಿದೆ ಅವರು ಹೋದ ಮೇಲೂ ನಮ್ಮ ಶಾಸನಗ್ರಂಥಗಳಲ್ಲಿ ಉಳಿದುಕೊಂಡಿತ್ತು. 2018ರಲ್ಲಿ ಅದನ್ನು ತೆಗೆದುಹಾಕುವ ಹೊತ್ತಿಗೆ ಹಿರಣ್ಣಯ್ಯನವರಿಗೆ ಎಂಬತ್ತನಾಲ್ಕು ವರ್ಷ. ಮರುವರ್ಷ ಅವರು ತೀರಿಕೊಂಡರು.

ಅವರ ಮಾತೆಲ್ಲವೂ ಒಂದೇ ಮಟ್ಟದ್ದಾಗಿತ್ತೆಂದು ನಾನು ಹೇಳುವುದಿಲ್ಲ. ಕೆಲವು ಸಲ ನಗೆ ಹಿಂದುಳಿದು ಬೈಗುಳ ಮುಂದೆ ಓಡುತ್ತಿತ್ತು; ಕೆಲವು ಸಲ ನಾಟಕ ನಿಂತು ಉಪನ್ಯಾಸ ನಡೆಯುತ್ತಿತ್ತು. ನನಗೆ ಅದಕ್ಕಿಂತ ಹೆಚ್ಚು ಕೊರತೆಯೆಂದು ತೋರುವುದು ಬೇರೆ. ಮುಂದಿನ ಸಾಲಿನಲ್ಲಿ ಕುಳಿತ ಮಂತ್ರಿಗೆ ಅಲ್ಲಿ ಉತ್ತರ ಕೊಡುವ ಅವಕಾಶವಿರಲಿಲ್ಲ. ರಂಗದ ಮೇಲಿನವನಿಗೆ ದೀಪ, ಕೆಳಗಿನವನಿಗೆ ಕತ್ತಲೆ. ನಗೆಯಿತ್ತು, ವಾದವಿರಲಿಲ್ಲ.

ಇಲ್ಲಿಯೇ ತಾಳಮದ್ದಳೆಯನ್ನು ನೆನೆಯಬೇಕು. ಮೈಸೂರಿನವರಾದ ನಮಗೆ ಕರಾವಳಿಯ ಈ ಕಲೆ ಸ್ವಲ್ಪ ದೂರದ್ದು. ಒಮ್ಮೆ ಕೇಳಿದರೆ ಬಿಡುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಪಂಚೆ ಶಲ್ಯದಲ್ಲಿ ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದದ ಬೆನ್ನು ಹಿಡಿದು, ಬರೆದಿಟ್ಟುಕೊಳ್ಳದೆ, ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದ ಹೂಡುತ್ತಾರೆ. ಬೇರೆ ಬೇರೆ ಊರಿನಿಂದ ಅತಿಥಿಗಳಾಗಿ ಬಂದವರು ಒಬ್ಬರೊಡನೊಬ್ಬರು ಅಭ್ಯಾಸ ಮಾಡಿರುವುದಿಲ್ಲ. ವಾಲಿವಧೆಯ ಪ್ರಸಂಗವೆನ್ನಿ. ಬಾಣ ತಿಂದು ಬಿದ್ದ ವಾಲಿ, ಮರದ ಮರೆಯಿಂದ ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ಕಥೆಯಲ್ಲಿ ವಾಲಿ ಸಾಯುವುದು ನಿಶ್ಚಯ. ಆದರೆ ವಾದದಲ್ಲಿ ಯಾರು ಗೆಲ್ಲುತ್ತಾರೆಂಬುದು ಯಾರಿಗೂ ತಿಳಿಯದು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕುಳಿತರೆ ಎದುರಿನ ರಾಮನು ಬೆವರಬೇಕಾಗಿತ್ತೆಂದು ಕೇಳಿದವರು ಹೇಳುತ್ತಾರೆ. ದೇವರನ್ನೇ ಪ್ರಶ್ನೆಗೆ ಕೂರಿಸಿ, ಉತ್ತರ ಕೊಟ್ಟೇ ಏಳಬೇಕೆಂದು ಹಿಡಿದ ಜನ ನಾವು. ನಗೆಯೂ ಅಲ್ಲಿ ಬರುತ್ತದೆ, ವ್ಯಂಗ್ಯವೂ ಬರುತ್ತದೆ. ಆದರೆ ಎದುರಿನವನ ಮಾತು ಮುಗಿಯುವವರೆಗೂ ಕಾಯಬೇಕು. ಮುಗಿದ ಮೇಲೆ ಅದೇ ಮಾತಿನಿಂದ ಆರಂಭಿಸಬೇಕು. ಬಾಯಿಗೆ ಬಾಯಿ ಹಾಕಿದವನನ್ನು ಸಭೆ ಒಪ್ಪುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಹರದೇಶಿ ನಾಗೇಶಿ ಎಂದು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದವನ್ನು ಹಾಡಿನಲ್ಲಿಯೇ ಇಡೀ ರಾತ್ರಿ ನಡೆಸುತ್ತಾರೆ. ಅದೂ ಇದೇ ಕುಲದ್ದು. ಉದಯ ವಾಹಿನಿಯಲ್ಲಿ ಹಿರೇಮಗಳೂರು ಕಣ್ಣನ್ ಅವರು ನಡುವೆ ಕುಳಿತು ನಡೆಸಿಕೊಟ್ಟ ‘ಹರಟೆ’ ನಿಮಗೆ ನೆನಪಿರಬಹುದು. ನಮ್ಮ ಮೈಸೂರಿನ ಪ್ರಾಧ್ಯಾಪಕ ಕೃಷ್ಣೇಗೌಡರಂಥವರು ಅದರಲ್ಲಿ ಪಕ್ಷ ಹಿಡಿದು ನಗಿಸಿದರು. ಅಲ್ಲಿ ಮನೆಯ ರಾಜಕಾರಣ ಬೇಕಾದಷ್ಟಿತ್ತು, ರಾಜ್ಯದ ರಾಜಕಾರಣ ಕಡಿಮೆ. ಗಂಡ ಹೆಂಡಿರ ಜಗಳಕ್ಕೆ ಯಾರೂ ನೋಟೀಸು ಕಳಿಸುವುದಿಲ್ಲವಷ್ಟೆ.

ಹೊರದೇಶಗಳಲ್ಲಿ ಈ ಎರಡನ್ನೂ, ಅಂದರೆ ನಗೆಯನ್ನೂ ಅತಿಥಿಗಳ ವಾದವನ್ನೂ, ಒಂದೇ ಮೇಜಿನ ಸುತ್ತ ತರುವ ಪ್ರಯತ್ನ ನಡೆದಿದೆ. ಅಮೆರಿಕದಲ್ಲಿ ಬಿಲ್ ಮಾರ್ ಎಂಬವರು 1993ರಲ್ಲಿ ‘ಪೊಲಿಟಿಕಲಿ ಇನ್‌ಕರೆಕ್ಟ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ನಾಲ್ವರು ಅತಿಥಿಗಳು, ಒಬ್ಬ ರಾಜಕಾರಣಿಯಾದರೆ ಒಬ್ಬ ನಟ, ಒಬ್ಬ ಲೇಖಕನಾದರೆ ಇನ್ನೊಬ್ಬ ಸಂಗೀತಗಾರ, ಹೀಗೆ ಸಂಬಂಧವಿಲ್ಲದವರನ್ನು ಕೂರಿಸಿ ಮಾತನಾಡಿಸುವುದು. 2001ರ ಸೆಪ್ಟೆಂಬರಿನ ದಾಳಿಯ ಬಳಿಕ ಅವರು ಆಡಿದ ಒಂದು ಮಾತಿಗೆ ಜನ ಕೆರಳಿದರು, ಜಾಹೀರಾತು ಕೊಡುತ್ತಿದ್ದವರು ಹಿಂದೆ ಸರಿದರು. 2002ರಲ್ಲಿ ಕಾರ್ಯಕ್ರಮ ನಿಂತಿತು. ಮರುವರ್ಷ ಬೇರೊಂದು ವಾಹಿನಿಯಲ್ಲಿ ಬೇರೆ ಹೆಸರಿನಿಂದ ಹುಟ್ಟಿತು. ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ 1962ರ ಕೊನೆಗೆ ಆರಂಭವಾದ ವಾರದ ವಿಡಂಬನೆಯೊಂದು ಒಂದೇ ವರ್ಷ ಬದುಕಿತು. ಮುಂದಿನ ವರ್ಷ ಚುನಾವಣೆ ಇದೆಯೆಂದು ಅದನ್ನು ನಿಲ್ಲಿಸಿದರು. ಚುನಾವಣೆಯ ವರ್ಷದಲ್ಲಿ ನಗಬಾರದಂತೆ! ಈಜಿಪ್ಟಿನಲ್ಲಿ ಬಾಸ್ಸೆಮ್ ಯೂಸೆಫ್ ಎಂಬ ಹೃದಯದ ಶಸ್ತ್ರವೈದ್ಯರು 2011ರಲ್ಲಿ ಇಂಥದನ್ನು ತೊಡಗಿದರು. 2013ರಲ್ಲಿ ಅವರನ್ನು ಹಿಡಿದು ವಿಚಾರಣೆ ಮಾಡಿದರು. 2014ರಲ್ಲಿ ಕಾರ್ಯಕ್ರಮವೂ ಮುಗಿಯಿತು, ಅವರು ದೇಶವನ್ನೂ ಬಿಟ್ಟರು. ನಮ್ಮ ರಾಶಿಯವರೂ ವೈದ್ಯರೇ. ಇಪ್ಪತ್ತೈದು ವರ್ಷ ಅವರು ನಾಡನ್ನು ನಗಿಸಿದರು, ಊರು ಬಿಡಬೇಕಾಗಿ ಬರಲಿಲ್ಲ. ಇದನ್ನು ನಮ್ಮ ನಾಡಿನ ಹಿರಿಮೆಯೆಂದು ಬರೆದಿಟ್ಟುಕೊಳ್ಳೋಣವೆಂದರೆ, 2021ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮುನವರ್ ಫಾರೂಕಿ ಎಂಬ ಹಾಸ್ಯಗಾರರ ಕಾರ್ಯಕ್ರಮಕ್ಕೆ ಪೊಲೀಸರು ಒಪ್ಪಿಗೆ ಕೊಡದೆ ಹೋದದ್ದೂ ಇದೇ ನಾಡಿನಲ್ಲಿ. ಗಲಾಟೆಯಾದೀತೆಂಬುದು ಕಾರಣ. ಗಲಾಟೆ ಮಾಡುವವರನ್ನು ತಡೆಯುವುದಕ್ಕಿಂತ ನಗಿಸುವವನನ್ನು ತಡೆಯುವುದು ಸುಲಭ; ಅವನು ಒಬ್ಬನೇ ಇರುತ್ತಾನೆ.

ಇವೆಲ್ಲ ದೊಡ್ಡವರ ಸಂಗತಿಗಳು. ಸಣ್ಣದೊಂದನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಕೆಲಸದಲ್ಲಿದ್ದ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಅಣಕು ವಿಧಾನಸಭೆಯನ್ನು ನಡೆಸಿದರು. ವಿರೋಧಪಕ್ಷದ ನಾಯಕಿಯಾಗಿ ಒಬ್ಬ ಹುಡುಗಿ ಎದ್ದುನಿಂತು, “ನಮ್ಮ ಶಾಲೆಯ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿ ಆರು ವರ್ಷವಾಯಿತು, ಕಟ್ಟಡ ಎಲ್ಲಿ?” ಎಂದು ಕೇಳಿದಳು. ಮಂತ್ರಿಯ ಪಾತ್ರದ ಹುಡುಗ ಸಾವಕಾಶವಾಗಿ ಎದ್ದು, ಶಲ್ಯ ಸರಿಮಾಡಿಕೊಂಡು, “ಅಧ್ಯಕ್ಷರೇ, ಅಡಿಗಲ್ಲು ಭದ್ರವಾಗಿದೆ. ಅದರ ಮೇಲೆ ಏನನ್ನೂ ಹೇರಿಲ್ಲವಾದ್ದರಿಂದ ಇನ್ನೂ ನೂರು ವರ್ಷ ಬಾಳುತ್ತದೆ” ಎಂದ. ಸಭೆ ನಕ್ಕಿತು. ಆ ನಗೆ ಮುಂದಿನ ಸಾಲಿನವರೆಗೆ ಬಂದು ಅಲ್ಲಿ ನಿಂತುಹೋಯಿತು. ಅಡಿಗಲ್ಲು ಹಾಕಿದವರೇ ಅಂದಿನ ಮುಖ್ಯ ಅತಿಥಿಗಳಾಗಿದ್ದರು. ವಂದನಾರ್ಪಣೆಗೆ ಅವರು ನಿಲ್ಲಲಿಲ್ಲ.

ಮೂರನೆಯ ದಿನ ನನಗೆ ಕಾಗದ ಬಂತು: ಮಕ್ಕಳ ಬಾಯಲ್ಲಿ ಇಂಥ ಮಾತನ್ನು ಆಡಿಸಿದವರು ಯಾರು, ಲಿಖಿತವಾಗಿ ತಿಳಿಸಬೇಕು. ಅಡಿಗಲ್ಲು ಶಾಲೆಯ ಬಾಗಿಲ ಪಕ್ಕದಲ್ಲಿಯೇ ಇದೆ, ಅದರ ಮೇಲೆ ತಾರೀಖು ಕೆತ್ತಿದೆ, ಮಕ್ಕಳಿಗೆ ಓದಲು ಕಲಿಸಿದವನು ನಾನೇ ಎಂದು ಮೂರು ಸಾಲು ಬರೆದು ಕೊಟ್ಟೆ. ನನಗೇನೂ ಆಗಲಿಲ್ಲ. ಆದರೆ ಆ ರಾತ್ರಿ ಹುಡುಗನ ತಂದೆ ಮನೆಗೆ ಬಂದರು. ಗುತ್ತಿಗೆಯ ಕೆಲಸದಲ್ಲಿದ್ದವರು, ಆ ಕೆಲಸವೂ ಯಾರೋ ಒಬ್ಬರ ಮಾತಿನ ಮೇಲೆ ಸಿಕ್ಕಿದ್ದು. ಕುರ್ಚಿಯ ಮೇಲೆ ಕೂರಲಿಲ್ಲ. “ಮೇಷ್ಟ್ರೇ, ನಮ್ಮ ಹುಡುಗನ್ನ ಶಾಲೆಯಿಂದ ತೆಗೆದುಬಿಡ್ತಾರಾ?” ಎಂದು ಕೇಳಿದರು. ಇಲ್ಲ ಎಂದೆ. “ಅವನು ಆಡಿದ್ದು ಸುಳ್ಳೇನೂ ಅಲ್ಲ, ಅಲ್ಲವಾ ಮೇಷ್ಟ್ರೇ?” ಎಂದು ಮತ್ತೆ ಕೇಳಿದರು. ಅಲ್ಲ ಎಂದೆ. ಸ್ವಲ್ಪ ಹೊತ್ತು ನಿಂತಿದ್ದು ಹೊರಟರು. ಹುಡುಗ ಶಾಲೆಯಲ್ಲಿಯೇ ಉಳಿದ, ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳೂ ಬಂದವು. ಮರುವರ್ಷದ ನಾಟಕಕ್ಕೆ ಮಾತ್ರ ಹೆಸರು ಕೊಡಲಿಲ್ಲ. ಅಪ್ಪ ಬೇಡವೆಂದಿದ್ದಾರೆ ಎಂದ. ಹಿರಣ್ಣಯ್ಯನವರ ಹಿಂದೆ ಒಂದು ಕಂಪನಿ ಇತ್ತು, ತುಂಬಿದ ಸಭೆ ಇತ್ತು, ವಕೀಲರಿದ್ದರು. ಹದಿನಾಲ್ಕು ವರ್ಷದ ಹುಡುಗನ ಹಿಂದೆ ಕುರ್ಚಿಯ ಮೇಲೆ ಕೂರದ ಒಬ್ಬ ತಂದೆ ಮಾತ್ರ ಇದ್ದ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ಮುಖ್ಯ ಅತಿಥಿಗಳು ಎದ್ದುಹೋದದ್ದಕ್ಕಿಂತ ಹೆಚ್ಚಾಗಿ ನನಗೆ ಬೇಸರ ತಂದದ್ದು ಅವರು ಉತ್ತರ ಹೇಳದೆ ಹೋದದ್ದು. ಕಟ್ಟಡ ಏಳದಿರುವುದಕ್ಕೆ ಕಾರಣವಿದ್ದಿರಬಹುದು. ಹಣ ಮಂಜೂರಾಗಿಲ್ಲದಿರಬಹುದು, ಜಾಗದ ತಕರಾರಿದ್ದಿರಬಹುದು. ಮೇಲೆ ಬಂದು, “ಮಂತ್ರಿಗಳೇ, ಆ ಕಲ್ಲಿನ ಮೇಲೆ ಹೇರಬೇಕಾದ ಇಟ್ಟಿಗೆಯ ಕಡತ ಇಂಥ ಕಡೆ ಕುಳಿತಿದೆ” ಎಂದು ನಗುತ್ತ ಹೇಳಿದ್ದರೆ ಮಕ್ಕಳಿಗೆ ಆಡಳಿತದ ಪಾಠವೂ ಆಗುತ್ತಿತ್ತು, ಅವರ ಮೇಲೆ ಗೌರವವೂ ಹೆಚ್ಚುತ್ತಿತ್ತು. ನಗೆಗೆ ಸರಿಯಾದ ಉತ್ತರ ನಗೆ, ಪ್ರಶ್ನೆಗೆ ಸರಿಯಾದ ಉತ್ತರ ಉತ್ತರ. ಅತಿಥಿಗಳನ್ನು ಕೂರಿಸಿ ನಗುವ ಕಾರ್ಯಕ್ರಮಗಳ ನಿಜವಾದ ಗುಣವನ್ನು ನಾನು ಕಾಣುವುದು ಇಲ್ಲಿಯೇ. ಗುರಿಯಾದವನು ಅಲ್ಲಿ ಕತ್ತಲೆಯಲ್ಲಿ ಕುಳಿತಿರುವುದಿಲ್ಲ. ಮೇಜಿನ ಆಚೆ ಇರುತ್ತಾನೆ, ಅವನಿಗೂ ಒಂದು ಧ್ವನಿವರ್ಧಕವಿರುತ್ತದೆ. ವಾಲಿಗೆ ರಾಮ ಸಿಕ್ಕಿದಂತೆ ಪ್ರಜೆಗೆ ಪ್ರಭು ಸಿಕ್ಕುತ್ತಾನೆ. ಆತಿಥೇಯನಾದವನು ಅವನನ್ನು ಕರೆದು ಬರಿದೆ ಕುಟುಕಿ ಕಳಿಸಿದರೆ ಅದು ಜಲ್ಪ. ಬರಿದೆ ಹೊಗಳಿ ಕಳಿಸಿದರೆ ಅದು ಬೀಗರ ಉಪಚಾರ. ಎರಡೂ ನಮ್ಮಲ್ಲಿ ಧಾರಾಳವಾಗಿವೆ.

ನಮ್ಮ ಈಗಿನ ಮಕ್ಕಳು ಚರ್ಚಾಸ್ಪರ್ಧೆಗೆ ನಿಂತರೆ ವಾರ್ತಾವಾಹಿನಿಯ ಧಾಟಿಯೇ ಬರುತ್ತದೆ. ಬೆರಳು ತೋರಿಸುವುದು, “ನಾಡು ತಿಳಿಯಬಯಸುತ್ತದೆ” ಎಂದು ಗರ್ಜಿಸುವುದು, ಎದುರಿನವನ ವಾಕ್ಯಕ್ಕೆ ಕ್ರಿಯಾಪದ ಬರುವ ಮೊದಲೇ ಅದನ್ನು ಕತ್ತರಿಸುವುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೆ ಕಾಯದೆ ಹೋದರೆ ಅವನು ಮಾಡಿದನೆಂದನೋ ಮಾಡಲಿಲ್ಲವೆಂದನೋ ತಿಳಿಯುವುದಾದರೂ ಹೇಗೆ? ಆದುದರಿಂದ ಐದಾರು ವರ್ಷಗಳಿಂದ ನನ್ನ ತರಗತಿಯಲ್ಲಿ ಹಳೆಯ ಶಾಸ್ತ್ರಿಗಳ ಪದ್ಧತಿಯನ್ನು ತಂದಿದ್ದೇನೆ. ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ವಾದವನ್ನು ಅವನೇ ‘ಹೌದು, ನಾನು ಹ���ಳಿದ್ದು ಇದನ್ನೇ’ ಎಂದು ಒಪ್ಪುವಂತೆ ಒಮ್ಮೆ ಹೇಳಿ ತೋರಿಸಬೇಕು. ಒಪ್ಪಿದ ಮೇಲೆ ಮುರಿಯಬಹುದು. ಪಕ್ಷವನ್ನು ಚೀಟಿ ಎತ್ತಿ ಕೊಡುತ್ತೇನೆ. ನಗಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಮೊದಲ ನಗೆ ತನ್ನ ಪಕ್ಷದ ಮೇಲೆಯೇ ಇರಬೇಕು. ಆರಂಭದಲ್ಲಿ ಮಕ್ಕಳಿಗೆ ಇದು ಸಪ್ಪೆಯೆನಿಸಿತು. ಒಬ್ಬ ಹುಡುಗನಂತೂ ಎದುರಾಳಿಯ ವಾದವನ್ನು ಸರಿಯಾಗಿ ಹೇಳಲು ಹೋಗಿ, ಹೇಳುತ್ತ ಹೇಳುತ್ತ ಅದನ್ನೇ ಒಪ್ಪಿಕೊಂಡು ತನ್ನ ಜಾಗದಲ್ಲಿ ಕುಳಿತುಬಿಟ್ಟ. ಅವನಿಗೆ ಬಹುಮಾನ ಕೊಡಬೇಕೋ ಬೇಡವೋ ಎಂದು ತೀರ್ಪುಗಾರರು ಅರ್ಧ ಗಂಟೆ ವಾದ ಮಾಡಿದರು. ಅಂದಿನ ಅತ್ಯುತ್ತಮ ಚರ್ಚೆ ಅದೇ ಆಗಿತ್ತು.

ಈ ಸಲದ ಚರ್ಚಾಕೂಟಕ್ಕೆ ಮಕ್ಕಳೇ ವಿಷಯವನ್ನು ಆರಿಸಿದ್ದಾರೆ: ನಮ್ಮ ಬಡಾವಣೆಗೆ ನೀರು ದಿನ ಬಿಟ್ಟು ದಿನ ಬರುವುದು. ಆ ಕೆಲಸ ಬಲ್ಲ ಒಬ್ಬ ಇಂಜಿನಿಯರರನ್ನು ಅತಿಥಿಯಾಗಿ ಕರೆದಿದ್ದೇವೆ. ಪ್ರಶ್ನೆಗಳನ್ನು ಮುಂಚಿತವಾಗಿ ಕಳಿಸಿಕೊಡಲೆ ಎಂದು ಅವರನ್ನು ವಿಚಾರಿಸಿದೆ. ಬೇಡ, ಅಲ್ಲಿಯೇ ಕೇಳಲಿ ಎಂದರು. ನಗಿಸುತ್ತಾರೆ, ತಾವು ಬೇಸರಪಟ್ಟುಕೊಳ್ಳಬಾರದು ಎಂದೆ. “ನೀರಿನ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದೇನೆ ಮೇಷ್ಟ್ರೇ, ನಗಿಸುವವರು ಬಂದರೆ ಸಾಕು” ಎಂದರು. ನೀರಿನ ಕೊಳವೆಗಳ ನಕ್ಷೆಯನ್ನೂ ತರುತ್ತಾರಂತೆ. ಅದನ್ನು ತೂಗುಹಾಕುವುದಕ್ಕೆ ಗೋಡೆಯ ಮೇಲೆ ಎರಡು ಮೊಳೆ ಹೊಡೆಸಬೇಕಾಗಿದೆ.